ಗೌಜಲ ಮರಿಗಳಿಗೆ ಬಾಣಂತನ

ಗೌಜಲಕ್ಕಿ ಸಾಕುತ್ತೇನೆ ಅಂದರೆ ಜನ ಮೊದಲು ನಗುತ್ತಾರೆ. ತ್ಯಾವಣಿಗೆ ಹತ್ತಿರದ ನಮ್ಮ ಊರಲ್ಲಿ ಒಂದು ವರ್ಷ ಪೂರ್ತಿ ನಕ್ಕರು. "ದನ ಕಟ್ಟೋ ಜಾಗದಾಗೆ ಗುಬ್ಬಿ ಕಟ್ಟ್ಯಾನೆ ನೋಡ್ರೋ" ಅಂದರು. ಆಮೇಲೆ ನಕ್ಕವರೇ ಒಬ್ಬೊಬ್ಬರಾಗಿ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತರು. ನಿಂತರು ಅಂದರೆ ನಿಂತರು ಅಷ್ಟೇ. ಒಳಗೆ ಬಂದವರಿಲ್ಲ, ಬಗ್ಗಿದವರಿಲ್ಲ. ಮೂಗಿಗೆ ಟವೆಲ್ ಹಿಡಿದುಕೊಂಡು, "ಲಾಭ ಐತೇನಪಾ?" ಅಂತ ಕೇಳಿ ಹೋದರು. ಇಂಥವರಿಗೆ ನಾನು ಯಾವತ್ತೂ "ಇಲ್ಲ" ಅಂತಲೇ ಹೇಳುವುದು. ಅವರು ಖುಷಿಯಾಗಿ ಮನೆಗೆ ಹೋಗುತ್ತಾರೆ, ನನ್ನ ಹೊತ್ತು ಉಳಿಯುತ್ತದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಡಿಸಿದರು ಅಂತ ಅಳುವವನಲ್ಲ, ನಾನೇ ಬಿಟ್ಟೆ. ಹೊನ್ನಾಳಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಕಡೆ ಹನ್ನೊಂದು ವರ್ಷ ದುಡಿದೆ. ಬೆಂದ ಭತ್ತದ ರಾಶಿಯೊಳಗೆ ಮೊಣಕೈವರೆಗೂ ಕೈ ತೂರಿಸಿ, ಇನ್ನೆಷ್ಟು ಹೊತ್ತು ಬಿಸಿ ಹಿಡಿದೀತು ಅಂತ ಹೇಳುತ್ತಿದ್ದೆ. ಯಜಮಾನರು ಬಂದು ಕೇಳುತ್ತಿದ್ದುದು ನನ್ನನ್ನು, ಗೋಡೆ ಗಡಿಯಾರವನ್ನಲ್ಲ. ಇದನ್ನು ಹೆಮ್ಮೆಗೇ ಹೇಳುತ್ತಿದ್ದೇನೆ. ಓದಿದವರು ತಮ್ಮ ಓದಿನ ಬಗ್ಗೆ ಹೇಳಿಕೊಳ್ಳುವಾಗ ನಾಚುವುದಿಲ್ಲ, ನಾನ್ಯಾಕೆ ನಾಚಲಿ?

ಗೌಜಲ ಮರಿ ಮೊಟ್ಟೆಯಿಂದ ಹೊರಗೆ ಬಂದ ದಿನ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟಿರುತ್ತದೆ. ಪುಕ್ಕ ಇರುವುದಿಲ್ಲ, ಹಳದಿ ಕಪ್ಪು ಪಟ್ಟೆಯ ತುಪ್ಪಳ ಮಾತ್ರ. ಮೈಯ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುವ ತಾಕತ್ತು ಬರಲು ಮೂರು ವಾರ ಬೇಕು. ಮೊದಲ ವಾರ, ನಮ್ಮ ಮೈಯೊಳಗೆ ಎಷ್ಟು ಬಿಸಿ ಇದೆಯೋ ಅಷ್ಟು ಬಿಸಿ ಅದಕ್ಕೆ ಹೊರಗಿನಿಂದ ಸಿಗಬೇಕು. ಆಮೇಲೆ ವಾರ ವಾರಕ್ಕೆ ಇಳಿಸುತ್ತಾ ಬರಬೇಕು. ಚಳಿಯಾದರೆ ಒಂದರ ಮೇಲೊಂದು ಹತ್ತಿ ರಾಶಿಯಾಗುತ್ತವೆ, ಅಡಿಗೆ ಸಿಕ್ಕವು ಉಸಿರುಗಟ್ಟಿ ಸಾಯುತ್ತವೆ. ಸೆಕೆಯಾದರೆ ಬಿಸಿಗೆ ತೂಗಿದ ಬಲ್ಬಿನಿಂದ ದೂರ ಓಡಿ ಕೊಕ್ಕು ತೆರೆದು ಏದುಸಿರು ಬಿಡುತ್ತವೆ. ಗಾಳಿ ನೇರ ಹೊಡೆದರೆ ಒಂದೇ ಮೂಲೆಗೆ ಒತ್ತಿಕೊಳ್ಳುತ್ತವೆ. ಎಲ್ಲ ಸರಿ ಇದ್ದರೆ ಭತ್ತದ ಹೊಟ್ಟಿನ ಹಾಸಿನ ತುಂಬ ಹುರುಳಿ ಚೆಲ್ಲಿದ ಹಾಗೆ ಹರಡಿಕೊಂಡು, ಚೀಂ ಚೀಂ ಅಂತ ಓಡಾಡಿಕೊಂಡು ಇರುತ್ತವೆ.

ನನ್ನ ಮೊದಲ ಸಲದ ಮರಿಗಳನ್ನು ನಾನೇ ಕೊಂದೆ, ಬೇರೆ ಯಾರೂ ಅಲ್ಲ. ಗಿರಣಿಯ ಅಭ್ಯಾಸ, ಒಳಗೆ ಹಬೆ ಕಂಡರೆ ಕಿಟಕಿ ತೆಗಿ. ತೆಗೆದಿಟ್ಟೆ. ಬೆಳಗ್ಗೆ ನೋಡಿದರೆ ಗಾಳಿ ಬರುವ ಕಿಟಕಿಯ ಎದುರು ಮೂಲೆಯಲ್ಲಿ ರಾಶಿ. ಗುಂಡಿ ತೋಡಿ ಮುಚ್ಚಿ ಬಂದು, ಖಾಲಿ ಶೆಡ್ಡಿನ ನೆಲದ ಮೇಲೆ ಬೋರಲು ಮಲಗಿದೆ. ಮರಿ ಇರುವ ಎತ್ತರದಲ್ಲಿ ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಕೆನ್ನೆಗೆ ಗೊತ್ತಾಗಲಿ ಅಂತ. ಗೊತ್ತಾಯಿತು. ನಿಂತವನಿಗೆ ತಿಳಿಯದ ಸಂಗತಿ ಮಲಗಿದವನಿಗೆ ಅರ್ಧ ಗಳಿಗೆಯಲ್ಲಿ ತಿಳಿಯಿತು. ಅಂದಿನಿಂದ ದಿನಕ್ಕೆ ಎರಡು ಸಲ ಮಲಗುತ್ತೇನೆ. ನನ್ನ ಬನಿಯನ್ನುಗಳೆಲ್ಲ ಎದೆಯ ಹತ್ತಿರ ಕಂದಾಗಿವೆ. ಹೆಂಡತಿ ಒಗೆದು ಒಗೆದು ಬೇಸತ್ತು, "ನಿಮ್ಮ ಬನಿಯನ್ನಿಗೂ ಹಕ್ಕಿಗಳಿಗೂ ಒಂದೇ ಬಣ್ಣ" ಅನ್ನುತ್ತಾಳೆ.

ನ್ಯಾಮತಿಯಲ್ಲಿ ಒಮ್ಮೆ ಹಕ್ಕಿ ಸಾಕುವವರಿಗೆ ಮೂರು ದಿನದ ತರಬೇತಿ ಅಂತ ಯಾರೋ ನಡೆಸಿದರು, ಒಂದು ಕಲ್ಯಾಣ ಮಂಟಪದಲ್ಲಿ. ನಾನೂ ಹೋದೆ, ಜಗಳೂರು ಕಡೆಯಿಂದ ನಮ್ಮ ಭಾವನೂ ಬಂದಿದ್ದ. ಭಾವ ಅಂದರೆ ನನ್ನ ಅಕ್ಕನ ಗಂಡ. ಹೇಳಿಕೊಡಲು ಬಂದಾತನ ಬೂಟು ನೋಡಿದಾಗಲೇ ನನಗೆ ಅನುಮಾನ. ಹಕ್ಕಿ ಸಾಕಿದವನ ಬೂಟಿನ ಹೊಲಿಗೆಯಲ್ಲಿ ಭತ್ತದ ಹೊಟ್ಟು ಸಿಕ್ಕಿಕೊಂಡಿರುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಈತನ ಬೂಟಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು. ಗೋಡೆ ಮೇಲೆ ಚಿತ್ರ ಬಿಟ್ಟು, ಇಷ್ಟನೇ ದಿನಕ್ಕೆ ಇಷ್ಟು ಬಿಸಿ ಅಂತ ಪಟ್ಟಿ ಓದಿದ. ಪಟ್ಟಿ ಸರಿಯಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಗಾಳಿಯ ವಿಷಯ ಬಂದಾಗ ಒಂದೇ ಮಾತು, "ಉತ್ತಮ ವಾತಾಯನ ವ್ಯವಸ್ಥೆ ಇರತಕ್ಕದ್ದು." ನಾನು ಎದ್ದು ನಿಂತೆ.

"ಸಾರ್, ಈ ವಾತಾಯನ ಯಾವ ಎತ್ತರಕ್ಕೆ ಇರ್ಬೇಕು? ನಮ್ಮ ಮೂಗಿನ ಎತ್ತರಕ್ಕೋ, ಮರಿ ಮೂಗಿನ ಎತ್ತರಕ್ಕೋ?"

"ಎಲ್ಲಾ ಕಡೆ ಇರ್ಬೇಕ್ರೀ."

"ನೀವು ಯಾವತ್ತಾದ್ರೂ ಮರಿ ಪಕ್ಕ ಮಲ್ಕೊಂಡು ಮೂಸಿ ನೋಡೀರೇನು?"

ಮಂಟಪ ನಕ್ಕಿತು. ಆತನೂ ನಕ್ಕು, "ಅದಕ್ಕೇ ಅಲ್ವೇನ್ರೀ ಮೀಟರ್ ಇರೋದು" ಅಂದ. ನನ್ನ ಪಕ್ಕ ಕೂತಿದ್ದ ಭಾವ ಎಲ್ಲರಿಗಿಂತ ಜೋರಾಗಿ ನಕ್ಕ. ಹೊರಗೆ ಮೇಜಿನ ಮೇಲಿಟ್ಟು ಮಾರುತ್ತಿದ್ದ ಬಿಸಿ ಅಳೆಯುವ ಮೀಟರುಗಳಲ್ಲಿ ಒಂದನ್ನು ಅವತ್ತೇ ಕೊಂಡ. ನಾನು ಎರಡನೇ ದಿನಕ್ಕೆ ಎದ್ದು ಬಂದೆ, ಶೆಡ್ಡಿನಲ್ಲಿ ಮರಿಗಳಿದ್ದವು. ಭಾವ ಮೂರೂ ದಿನ ಕೂತು, ಮಧ್ಯಾಹ್ನದ ಹೋಳಿಗೆ ಊಟ ಮುಗಿಸಿ, ಸರ್ಟಿಫಿಕೇಟು ತಗೊಂಡು, ಜಗಳೂರಿನಲ್ಲಿ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ.

ಭಾವ ಕಾಲೇಜು ಕಂಡವನು. ಇಸ್ತ್ರಿ ಮಾಡಿದ ಬಿಳಿ ಅಂಗಿ ಬಿಟ್ಟು ಬೇರೆ ಹಾಕಿದ್ದು ನಾನು ಕಂಡಿಲ್ಲ. ಮೆಕ್ಕೆಜೋಳದ ಹೊಲಕ್ಕೂ ಅದೇ ಅಂಗಿ. ಹೊಲದಲ್ಲಿ ಆ ಅಂಗಿ ಹೇಗೆ ಬಿಳಿಯಾಗಿ ಉಳಿಯುತ್ತದೆ ಅಂತ ಕೇಳುವ ಅಗತ್ಯವಿಲ್ಲ. ಬದುವಿನ ಮೇಲೆ ನಿಂತವನ ಅಂಗಿ ಬಿಳಿಯಾಗಿಯೇ ಇರುತ್ತದೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾದಾಗಿನಿಂದ ಆ ಮನೆಯ ಹೊಲ, ಆ ಮನೆಯ ಎಮ್ಮೆ, ಆ ಮನೆಯ ಒಲೆ. ತನ್ನದು ಅಂತ ಹೇಳಿಕೊಳ್ಳುವಂಥದ್ದು ಒಂದೂ ಇರಲಿಲ್ಲ. ನನ್ನ ಶೆಡ್ಡಿಗೆ ಬಂದವರಲ್ಲಿ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು, ಸೀರೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತವಳು ಅವಳೊಬ್ಬಳೇ. ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, "ಇದನ್ನ ನಾನೂ ಮಾಡ್ತೀನಿ ಕಣೋ ತಮ್ಮಾ" ಅಂದಳು. ಭಾವನನ್ನು ತರಬೇತಿಗೆ ಕಳಿಸಿದವಳೂ ಅವಳೇ. ಮನೆಯಲ್ಲಿ ಗಂಡಸು ಒಬ್ಬ ತಿಳಿದಿರಲಿ ಅಂತ. ಅದು ಅವಳ ಮೊದಲ ತಪ್ಪು.

ಅವರ ಮನೆ ಹಿಂದೆ ತಗಡಿನ ಶೆಡ್ಡೊಂದು ಖಾಲಿ ಇತ್ತು. ಭಾವ ಕೊಟ್ಟ, ಕೊಡುವಾಗಲೇ ಷರತ್ತು ಹಾಕಿದ. ಮೂರು ಸಲ ಮರಿ ತಂದು ನೋಡೋದು, ಮೂರನೇ ಸಲವೂ ಸತ್ತರೆ ಶೆಡ್ಡು ಖಾಲಿ ಮಾಡಿ ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸೋದು. ಆ ಟ್ರ್ಯಾಕ್ಟರಿಗೆ ಹದಿನೈದು ವರ್ಷದಿಂದ ಬೇವಿನ ಮರದ ನೆರಳು ಸಾಕಾಗಿತ್ತು. ಹೆಂಡತಿ ಶೆಡ್ಡು ಕೇಳಿದ ಮೇಲೆ ಟ್ರ್ಯಾಕ್ಟರಿಗೂ ಬಿಸಿಲು ಮಳೆ ನೆನಪಾಯಿತು.

ಮೊದಲ ಸಲ ಸತ್ತವು. ಎರಡನೇ ಸಲವೂ ಸತ್ತವು. ಎರಡು ಸಲವೂ ಅಕ್ಕ ನನ್ನನ್ನು ಕರೆಯುತ್ತೇನೆ ಅಂದಾಗ ಭಾವ, "ಅವನತ್ರ ಸರ್ಟಿಫಿಕೇಟ್ ಐತೇನು?" ಅಂದನಂತೆ. ಇದನ್ನು ಅಕ್ಕ ನನಗೆ ಹೇಳಿದ್ದು ಬಹಳ ದಿನ ಆದಮೇಲೆ. ಆಗಲೇ ಹೇಳಿದ್ದರೆ ಅವತ್ತೇ ಹೋಗುತ್ತಿದ್ದೆ, ಮರಿ ಉಳಿಸುವುದಕ್ಕಲ್ಲ, ಬೇರೆ ಕೆಲಸಕ್ಕೆ.

ಮೂರನೇ ಸಲ ಮರಿ ಬಂದ ನಾಲ್ಕನೇ ದಿನ, ಮಾಗಿ ಚಳಿಯ ಒಂದು ಬೆಳಗ್ಗೆ, ಅಕ್ಕನ ಫೋನು ಬಂತು. ದನಿ ಸಣ್ಣಗಿತ್ತು.

"ಲೇ ತಮ್ಮಾ, ಮರಿ ನಿದ್ದೆ ಮಾಡ್ತಾವೆ ಕಣೋ."

"ಎಷ್ಟು ಹೊತ್ತಿಂದ?"

"ನಿನ್ನೆ ಮಧ್ಯಾಹ್ನದಿಂದ. ಎಬ್ಬಿಸಿದ್ರೆ ಏಳ್ತಾವೆ, ಮತ್ತೆ ಹಂಗೇ ಕಣ್ಣು ಮುಚ್ತಾವೆ. ಬಿಸಿ ಸರಿಯಾಗೈತೆ ಅಂತಾರೆ ನಿಮ್ಮ ಭಾವ. ಮೀಟರಿನಾಗೂ ಸರಿಯಾಗೇ ತೋರಿಸ್ತೈತೆ."

"ಕದ ತೆಗಿ ಮೊದ್ಲು."

"ತೆಗೆಯಾಕೆ ಬಿಡ್ತಾ ಇಲ್ವೋ."

ನಾಲ್ಕು ದಿನದ ಮರಿ ಹಗಲು ಹೊತ್ತು ನಿದ್ದೆ ಮಾಡುವುದಿಲ್ಲ. ತಿನ್ನುವುದು, ಓಡುವುದು, ಒಂದನ್ನೊಂದು ತುಳಿಯುವುದು, ಇಷ್ಟೇ ಅದರ ಕೆಲಸ. ಅದು ನಿದ್ದೆಯಲ್ಲ ಅಂತ ನನಗೆ ಗೊತ್ತಾಯಿತು. ಒಂದು ಚೀಲ ಒಣ ಹೊಟ್ಟನ್ನು ಬೈಕಿನ ಹಿಂದೆ ಬಿಗಿದು, ದಾವಣಗೆರೆ ಮೇಲೆ ಹಾದು ಜಗಳೂರು ದಾರಿ ಹಿಡಿದೆ. ಆ ಬಯಲಿನಲ್ಲಿ ಗಾಳಿಗೆ ಅಡ್ಡ ಏನೂ ಇಲ್ಲ, ಬೈಕನ್ನೇ ಪಕ್ಕಕ್ಕೆ ತಳ್ಳುತ್ತದೆ. ಇಂಥ ಊರಲ್ಲಿ ಗಾಳಿಗೆ ಹೆದರುವುದು ತಪ್ಪೇನಲ್ಲ ಅಂತ ದಾರಿಯುದ್ದಕ್ಕೂ ಅನ್ನಿಸಿತು. ಆದರೆ ಹೆದರಿಕೊಂಡು ಏನು ಮಾಡಿಟ್ಟಿರಬಹುದು ಅಂತ ಊಹೆ ಮಾಡಲು ಆಗಿರಲಿಲ್ಲ.

ಶೆಡ್ಡಿನ ನಾಲ್ಕೂ ಕಡೆ ಜಾಲರಿ ಮುಚ್ಚಿ ಟಾರ್ಪಾಲು ಹೊಡೆದಿದ್ದರು. ತಗಡಿಗೂ ಗೋಡೆಗೂ ನಡುವಿನ ಸಂದಿಗೆ ಹಳೇ ಸೀರೆ ತುರುಕಿದ್ದರು. ಬಾಗಿಲ ಅಡಿಗೆ ಗೋಣಿಚೀಲ. ಒಳಗೆ ಕಾಲಿಟ್ಟೆ. ಮೊದಲು ಬಡಿದದ್ದು ಲೋಬಾನ, ಅದರ ಹಿಂದೆಯೇ ಬೆಳ್ಳುಳ್ಳಿ ಸಿಪ್ಪೆ ಮತ್ತು ಓಂಕಾಳು ಸುಟ್ಟ ವಾಸನೆ. ಒಂದು ಗಳಿಗೆ ನಾನು ತಪ್ಪಿ ಯಾರದೋ ಬಾಣಂತಿ ಕೋಣೆಗೆ ನುಗ್ಗಿದೆನೇನೋ ಅನ್ನಿಸಿ ಹಿಂದಕ್ಕೆ ಸರಿದೆ.

ತಪ್ಪೇನಲ್ಲ, ಅದು ಬಾಣಂತಿ ಕೋಣೆಯೇ ಆಗಿತ್ತು. ನಡುವೆ ತಗಡಿನ ಸುತ್ತಿನೊಳಗೆ ಮರಿಗಳು. ಎರಡು ಕಡೆ ಕಬ್ಬಿಣದ ಬಾಂಡ್ಲಿಗಳಲ್ಲಿ ಕೆಂಡ. ಒಂದು ಬಾಂಡ್ಲಿಯ ಪಕ್ಕ ಮಣೆ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ಅಕ್ಕನ ಅತ್ತೆ, ಅಂದರೆ ಭಾವನ ತಾಯಿ, ಕೂತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಆ ಕೇರಿಯಲ್ಲಿ ಹೆತ್ತವರಿಗೆಲ್ಲ ನೀರು ಹಾಕಿದ ಕೈ, ಕೂಸುಗಳನ್ನೆಲ್ಲ ಕೆಂಡದ ಮೇಲೆ ಕಾಯಿಸಿದ ಕೈ. ಎರಡು ಸಲ ಮರಿ ಸತ್ತ ಮೇಲೆ, ಇದು ಗಂಡಸರ ಮೀಟರಿನಿಂದ ಆಗುವ ಕೆಲಸವಲ್ಲ ಅಂತ ತಾವೇ ಮುಂದಾಗಿದ್ದರು. ಜಗಳೂರು ಕಡೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಬಲ್ಬು ನಂಬುವ ಹಾಗಿಲ್ಲ. ಹೆತ್ತ ಮನೆಯಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದ್ದರು. ಗಾಳಿ ಸೋಕದ ಹಾಗೆ ಮುಚ್ಚಿದ್ದರು, ಕೆಂಡ ಇಟ್ಟಿದ್ದರು, ಹೊತ್ತು ಮುಳುಗುವಾಗಲೂ ಬೆಳಗ್ಗೆಯೂ ಹೊಗೆ ಹಾಕಿದ್ದರು.

"ಬಾಪಾ" ಅಂದರು. "ಬಾಗ್ಲು ಹಾಕ್ಕೊಂಡು ಬಾ. ಗಾಳಿ ಬರ್ತೈತೆ."

ಮೀಟರ್ ಹುಡುಕಿದೆ. ಕಂಬಕ್ಕೆ ತೂಗಿತ್ತು, ಸರಿಯಾಗಿ ಭಾವನ ಮೂಗಿನ ಎತ್ತರಕ್ಕೆ. ಓದುವಾಗ ಕತ್ತು ಬಗ್ಗಬಾರದಲ್ಲ! ಹಕ್ಕಿಗಳಿದ್ದದ್ದು ಎರಡು ಬೆರಳೆತ್ತರದಲ್ಲಿ. ಅಲ್ಲಿ ಬಿಸಿ ಎಷ್ಟು, ಗಾಳಿ ಹೆಂಗೆ ಅಂತ ಆ ಮೀಟರಿಗೂ ಗೊತ್ತಿಲ್ಲ, ಅದನ್ನು ತೂಗಿದವನಿಗೂ ಗೊತ್ತಿಲ್ಲ.

ನಾನು ಅಂಗಿ ಬಿಚ್ಚಿ ಕಂಬಕ್ಕೆ ಸಿಕ್ಕಿಸಿ, ತಗಡಿನ ಸುತ್ತನ್ನು ಒಂದು ಕಡೆ ಸರಿಸಿ ಒಳಗೆ ತಲೆ ಹಾಕಿ ಬೋರಲು ಮಲಗಿದೆ. ಲೋಬಾನದ ವಾಸನೆ ಮೇಲೆಯೇ ಉಳಿಯಿತು. ಕೆಳಗೆ ಇದ್ದದ್ದು ಬೇರೆ. ನೀರಿನ ತಟ್ಟೆಗಳ ಸುತ್ತ ಹಾಸು ನೆಂದು, ಹಿಕ್ಕೆ ಅದರ ಜೊತೆ ಕಲೆತು ಘಾಟು ಎದ್ದಿತ್ತು. ಓದಿದವರು ಇದನ್ನು ಅಮೋನಿಯಾ ಅನ್ನುತ್ತಾರೆ. ನನ್ನ ಕಣ್ಣಿಗೆ ಹೆಸರು ಬೇಕಾಗಲಿಲ್ಲ, ನೀರು ತಾನಾಗಿ ಇಳಿಯಿತು. ಹತ್ತು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತಲೆ ಭಾರ ಆಯಿತು, ಅದು ಕೆಂಡದ ಕೆಲಸ. ಕೆಂಡವೂ ಉಸಿರಾಡುವ ವಸ್ತು. ಕದ ಮುಚ್ಚಿದ ಕೋಣೆಯಲ್ಲಿ ಒಳ್ಳೇ ಗಾಳಿಯನ್ನು ಮೊದಲು ಅದು ತಿನ್ನುತ್ತದೆ, ಆಮೇಲೆ ಮಿಕ್ಕವರ ಸರದಿ. ನನ್ನ ಮೂಗಿನ ಮುಂದೆಯೇ ಒಂದು ಮರಿ ಕೂತ ಹಾಗೆಯೇ ಪಕ್ಕಕ್ಕೆ ವಾಲಿತು.

ಎದ್ದು ಕೂತಾಗ ಬಾಗಿಲಲ್ಲಿ ಭಾವ ನಿಂತಿದ್ದ, ಬಿಳಿ ಅಂಗಿ. ಹಿಂದೆ ಅಕ್ಕ.

"ಏನೋ ಇದು, ಪೂಜೆ ಮಾಡ್ತಿದೀಯೋ?" ಅಂದ ಭಾವ.

"ಬರ್ರಿ ಭಾವ. ನೀವೂ ಒಂದು ಸಾಷ್ಟಾಂಗ ಹಾಕ್ರಿ. ಹತ್ತು ಉಸಿರು ಸಾಕು."

"ಮೀಟರ್ ನೋಡಿದೇನು?"

"ಮೀಟರ್ ಸಾಯ್ತಾ ಇಲ್ವಲ್ರೀ. ಮರಿ ಸಾಯ್ತಾ ಐತೆ."

"ನನಗೆ ಬೆನ್ನು ನೋವು" ಅಂದ. ಅಂಗಿಯ ಹೆಸರು ಹೇಳಲು ಅವನಿಗೂ ನಾಚಿಕೆಯಾಗಿರಬೇಕು.

"ನಿಮಗೆ ಆಗ್ದಿದ್ರೆ ಬಿಡ್ರಿ. ಆದ್ರೆ ಈ ಟಾರ್ಪಾಲು ಈಗ್ಲೇ ತೆಗೀಬೇಕು."

ಅತ್ತೆ ಸಿಟ್ಟಾದರು. "ತೆಗೆದ್ರೆ ಗಾಳಿ ಹೊಡೆದು ಒಂದೇ ಏಟಿಗೆ ಸಾಯ್ತಾವೆ. ಮೊದ್ಲನೇ ಸಲ ತೆಗೆದಿದ್ರು, ನೋಡಿದೀವಿ. ಏನಪಾ, ನಿಮ್ಮ ಅಕ್ಕನ ಕಿರೀ ಮಗನ ಬಾಣಂತನ ನಾನೇ ಮಾಡಿದ್ದು. ಒಂದು ದಿನ ಕೂಸು ಸೀನಿತ್ತೇನು ಕೇಳು. ನೀನು ಎಷ್ಟು ಹೆತ್ತಿದೀಯ?"

ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡಳು. ನನಗೂ ನಗು ಬಂತು. ಆ ಹೊತ್ತಿನಲ್ಲಿ ಅಲ್ಲಿ ನನಗೆ ಗೌರವ ಇದ್ದದ್ದು ಈ ಮುದುಕಿಯ ಮೇಲೆ ಮಾತ್ರ. ತಪ್ಪು ಮಾಡುತ್ತಿದ್ದರು, ಆದರೆ ಕೂತು ಮಾಡುತ್ತಿದ್ದರು, ಕೆಂಡದ ಪಕ್ಕ ನಾಲ್ಕು ದಿನದಿಂದ. ಮಗನ ಹಾಗೆ ಕಂಬಕ್ಕೆ ಒರಗಿ ಅಲ್ಲ.

"ಒಂದೂ ಹೆತ್ತಿಲ್ಲ ಅತ್ತೆ" ಅಂದೆ. "ಅದಕ್ಕೇ ನಿಮ್ಮನ್ನೇ ಕೇಳ್ತೀನಿ. ನೀವೇ ಬಗ್ಗಿ ನೋಡ್ರಿ. ಕೂಸು ಮಲಗೋ ಎತ್ತರಕ್ಕೆ ಬಗ್ಗಿ ನೋಡ್ರಿ. ಸರಿ ಐತೆ ಅಂದ್ರೆ ನಾನು ಬೈಕ್ ಹತ್ತಿ ವಾಪಸ್ ಹೋಗ್ತೀನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಣೆ ಸರಿಸಿ, ಒಂದು ಕೈ ನೆಲಕ್ಕೆ ಊರಿ, ಮಫ್ಲರ್ ಬಿಚ್ಚಿ, ಎಷ್ಟೋ ಕೂಸುಗಳ ಮೇಲೆ ಬಗ್ಗಿ ಅಭ್ಯಾಸವಾದ ಬೆನ್ನನ್ನು ನಿಧಾನ ಬಗ್ಗಿಸಿ ಕೆನ್ನೆಯನ್ನು ಹೊಟ್ಟಿಗೆ ತಾಗಿಸಿದರು. ಹತ್ತು ಉಸಿರು ಆಗಲಿಲ್ಲ, ನಾಲ್ಕಕ್ಕೇ ಕೆಮ್ಮು ಹತ್ತಿತು. ಎದ್ದಾಗ ಎರಡೂ ಕಣ್ಣಲ್ಲಿ ನೀರು.

"ಥೂ" ಅಂದರು. "ಉಚ್ಚೆ ಬಟ್ಟೆ ಮೂರು ದಿನ ಬದಲಾಯಿಸ್ದೇ ಇಟ್ಟಂಗೈತೆ." ಸ್ವಲ್ಪ ಸುಧಾರಿಸಿಕೊಂಡು ಮಗನ ಕಡೆ ತಿರುಗಿದರು. "ಏನ್ಲಾ, ದಿನಾ ಬಂದು ಸರಿಯಾಗೈತೆ ಸರಿಯಾಗೈತೆ ಅಂತಿದ್ದೆ. ಏನು ನೋಡಿ ಅಂತಿದ್ದೆ?"

ಭಾವ ಮೀಟರಿನ ಕಡೆ ಕೈ ತೋರಿಸಿದ. ಪಾಪ, ಬೇರೆ ತೋರಿಸಲು ಅವನ ಹತ್ತಿರ ಏನೂ ಇರಲಿಲ್ಲ.

"ಬಾಣಂತಿ ಕೋಣೇಲಿ ಹಿಂಗೆ ಆಗ್ತಿರ್ಲಿಲ್ವಲ್ಲಪಾ" ಅಂದರು ನನಗೆ, ದನಿ ತಗ್ಗಿಸಿ.

"ನಿಮ್ಮದು ಹೆಂಚಿನ ಮನೆ ಅತ್ತೆ. ಹೊಗೆ, ಘಾಟು ಎಲ್ಲಾ ಹೆಂಚಿನ ಸಂದಿಗೇ ಹೋಗ್ತಿತ್ತು. ಇದು ತಗಡು. ಇದ್ದ ಸಂದಿಗೂ ಸೀರೆ ತುರುಕೀರಿ."

ಅವರು ತಗಡಿನ ಕಡೆ ತಲೆ ಎತ್ತಿ ನೋಡಿದರು. ಮತ್ತೆ ವಾದ ಮಾಡಲಿಲ್ಲ. ತಿಳಿದವರ ಲಕ್ಷಣ ಅದು. ಒಂದು ಸಲ ಕಂಡರೆ ಸಾಕು, ಎರಡನೇ ಸಲ ಹೇಳಿಸಿಕೊಳ್ಳುವುದಿಲ್ಲ.

ಭಾವ ಮಾತ್ರ ಬಿಡಲಿಲ್ಲ. "ಟಾರ್ಪಾಲು ಎತ್ತಿದ್ರೆ ಗಾಳಿ ನೇರ ಮರಿಗೇ ಹೊಡಿಯುತ್ತೆ. ಮೊದ್ಲನೇ ಸಲ ಸತ್ತಿದ್ದು ಅದಕ್ಕೇ. ಈಗ ಇವೂ ಸತ್ರೆ ಸರಿ ಹೋತು, ನಾಳೆನೇ ಟ್ರ್ಯಾಕ್ಟರ್ ತಂದು ನಿಲ್ಲಿಸ್ತೀನಿ."

ಅಲ್ಲೇ ಇತ್ತು ಎಲ್ಲ ತಪ್ಪು. ಟಾರ್ಪಾಲನ್ನು ಅಂಗಡಿ ಪರದೆಯ ಹಾಗೆ ಮೇಲೆ ಮೊಳೆ ಹೊಡೆದು ಕೆಳಗೆ ಇಳಿಬಿಟ್ಟಿದ್ದರು. ಎತ್ತಬೇಕಾದರೆ ಕೆಳಗಿನಿಂದ ಸುತ್ತುತ್ತಾ ಎತ್ತಬೇಕು. ಅಂದರೆ ಮೊದಲು ತೆರೆಯುವುದು ಮರಿಯ ಎತ್ತರ, ಜಗಳೂರಿನ ಬಯಲುಗಾಳಿ ನೇರ ಅವುಗಳ ಮೈಮೇಲೆ. ತೆರೆದರೆ ಚಳಿಗೆ ಸಾವು, ಮುಚ್ಚಿದರೆ ಘಾಟಿಗೆ ಸಾವು. ಪರದೆಯನ್ನು ತಲೆಕೆಳಗು ಮಾಡಬಹುದು ಅಂತ ಆ ಮನೆಯ ಕಾಲೇಜಿಗೆ ಎರಡು ಸಲ ಮರಿ ಸತ್ತರೂ ಹೊಳೆದಿರಲಿಲ್ಲ.

"ಅಕ್ಕ, ಮೊಳೆ ಕೀಳೋ ಇಕ್ಕಳ ಕೊಡು" ಅಂದೆ.

ಅಕ್ಕ ತಂದಳು. ನನ್ನ ಕೈಗೆ ಕೊಡಲಿಲ್ಲ. ತಾನೇ ಏಣಿ ಇಟ್ಟು ಹತ್ತಿದಳು. ಭಾವ, "ಏ, ಇಳಿಯೇ, ಬೀಳ್ತೀಯ" ಅಂದ. ಅಕ್ಕ ತಿರುಗಿ ನೋಡದೆ, "ನೀವು ಒಂದೋ ಏಣಿ ಹಿಡ್ಕಳ್ರಿ, ಇಲ್ಲ ಸುಮ್ನಿರ್ರಿ" ಅಂದಳು. ಆ ಮನೆಗೆ ಬಂದ ಮೇಲೆ ಅವಳ ಬಾಯಲ್ಲಿ ಆ ದನಿ ನಾನು ಕೇಳಿದ್ದು ಅದೇ ಮೊದಲು. ಭಾವ ಏಣಿ ಹಿಡಿದ. ಅವತ್ತು ಅವನು ಮಾಡಿದ ಕೆಲಸ ಅದೊಂದೇ, ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ.

ಮೇಲಿನ ಮೊಳೆ ಕಿತ್ತು, ಸಂದಿಯ ಸೀರೆ ಎಳೆದು ಹಾಕಿ, ಟಾರ್ಪಾಲಿನ ಕೆಳ ಅಂಚನ್ನು ನೆಲದ ಹತ್ತಿರದ ಪಟ್ಟಿಗೆ ಬಿಗಿದೆವು. ಮೇಲಿನ ಅಂಚಿಗೆ ಹಗ್ಗ ಕಟ್ಟಿ ತೊಲೆಯ ಮೇಲೆ ಹಾಯಿಸಿದೆವು. ಹಗ್ಗ ಸಡಿಲಿಸಿದರೆ ಪರದೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮರಿಯ ಎತ್ತರ ಯಾವಾಗಲೂ ಮುಚ್ಚಿಯೇ ಇರುತ್ತದೆ, ಮೇಲೆ ಒಂದು ಗೇಣು ತೆರೆದರೆ ಬಿಸಿಯಾದ ಕೆಟ್ಟ ಗಾಳಿ ತಾನಾಗಿ ಎದ್ದು ಹೊರಗೆ ಹೋಗುತ್ತದೆ. ಗಾಳಿ ಬೀಸುವ ಕಡೆ ನಾಲ್ಕು ಬೆರಳು, ಎದುರು ಕಡೆ ಒಂದು ಗೇಣು. ಇಷ್ಟು ಮಾಡಲು ಮಧ್ಯಾಹ್ನದ ಊಟದ ಹೊತ್ತಾಯಿತು.

ಕೆಂಡ ಹೊರಗೆ ಹೋಯಿತು. "ಬಿಸಿ?" ಅಂದರು ಅತ್ತೆ. "ಕರೆಂಟು ಹೋದ್ರೆ?"

"ಬಿಸಿ ಬೇಕು ಅತ್ತೆ, ಬೆಂಕಿ ಬೇಡ. ಬಾಣಂತಿಗೆ ನೀರು ಕಾಯಿಸ್ತೀರಲ್ಲ, ಆ ಹಂಡೆ ಒಲೆ ಹಚ್ಚಿಸ್ರಿ."

ಗಿರಣಿಯಲ್ಲಿ ನಾನು ಕಲಿತದ್ದು ಇದೊಂದು. ನೀರು ಕುಡಿದ ಭತ್ತ ಹಿಡಿದಷ್ಟು ಬಿಸಿಯನ್ನು ಒಣ ಭತ್ತ ಹಿಡಿಯುವುದಿಲ್ಲ. ಕುಡಿಯುವ ನೀರು ತರುವ ದೊಡ್ಡ ಕ್ಯಾನುಗಳಿಗೆ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ, ಗೋಣಿಚೀಲ ಸುತ್ತಿ, ತಗಡಿನ ಸುತ್ತಿನೊಳಗೆ ನಾಲ್ಕು ಕಡೆ ನಿಲ್ಲಿಸಿದೆವು. ಅತ್ತೆ ಪ್ರತಿ ಕ್ಯಾನಿಗೂ ಹಿಂಗೈ ತಾಗಿಸಿ ನೋಡಿ, "ಇದಕ್ಕೆ ಇನ್ನೊಂದು ಸುತ್ತು ಗೋಣಿ ಬೇಕು, ಸುಡ್ತೈತೆ" ಅಂದರು. ಸರಿಯಾಗಿಯೇ ಅಂದರು. ಬಿಸಿನೀರಿನ ವಿಷಯದಲ್ಲಿ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಕ್ಕ ನೆಂದ ಹಾಸನ್ನೆಲ್ಲ ಮಂಕರಿಗೆ ತುಂಬಿ ತಿಪ್ಪೆಗೆ ಹಾಕಿ, ನಾನು ತಂದ ಒಣ ಹೊಟ್ಟು ಹರಡಿದಳು. ನೀರಿನ ತಟ್ಟೆಗಳ ಅಡಿಗೆ ಹೆಂಚಿನ ಚೂರು ಇಟ್ಟು ಎತ್ತರಿಸಿ, ಮರಿ ಮುಳುಗದ ಹಾಗೆ ತಟ್ಟೆಯೊಳಗೆ ಹರಳುಕಲ್ಲು ಹಾಕಿದೆವು. ಮೀಟರನ್ನು ಕಂಬದಿಂದ ಬಿಚ್ಚಿ ಹೊಟ್ಟಿನ ಪಕ್ಕಕ್ಕೆ ಇಳಿಸಿದೆ. ಅದರ ತಪ್ಪೇನೂ ಇರಲಿಲ್ಲ. ಕೆಳಗೆ ಬಂದ ಮೇಲೆ ಅದೂ ನಿಜ ಹೇಳಿತು, ಮೇಲಿದ್ದಾಗ ತೋರಿ​ಸಿದ್ದಕ್ಕಿಂತ ಬಹಳ ಕಡಿಮೆ. ಬಲ್ಬನ್ನೂ ಒಂದು ಗೇಣು ಕೆಳಗಿಳಿಸಿ, ಅದು ಸರಿ ತೋರಿಸುವವರೆಗೆ ಕ್ಯಾನು ಸೇರಿಸಿದೆವು.

ಮೊದಲ ಒಂದು ಗಂಟೆ ಏನೂ ಆಗಲಿಲ್ಲ. ಭಾವ ಎರಡು ಸಲ ಬಂದು ಇಣುಕಿ, "ಹೆಂಗೈತೆ?" ಅಂತ ಕೇಳಿ, ಉತ್ತರ ಬರುವ ಮೊದಲೇ ಹೋದ. ಅಕ್ಕ ಸುತ್ತಿನ ಪಕ್ಕ ಕೂತವಳು ಏಳಲಿಲ್ಲ. ಆಮೇಲೆ ಒಂದು ಮರಿ ಎದ್ದು, ರೆಕ್ಕೆ ಅನ್ನುವಂಥದ್ದನ್ನು ಒದರಿ, ತಟ್ಟೆಯ ಕಡೆ ಓಡಿತು. ಅದರ ಹಿಂದೆ ಇನ್ನೆರಡು. ಬಿಸಿಲು ಇಳಿಯುವ ಹೊತ್ತಿಗೆ ಚೀಂ ಚೀಂ ಸದ್ದು ಶೆಡ್ಡಿನ ಹೊರಗೂ ಕೇಳುತ್ತಿತ್ತು. ಎಲ್ಲವೂ ಉಳಿಯಲಿಲ್ಲ. ಒಂದು ಬುಟ್ಟಿಯಷ್ಟನ್ನು ಅಕ್ಕ ಬೇಲಿಯ ಆಚೆ ಹೂತು ಬಂದಳು. ಉಳಿದವು ಉಳಿದವು. ಮರುದಿನ ಬೆಳಗ್ಗೆ ನಾನು ಬೈಕ್ ಹತ್ತುವಾಗ ಅವಳು ಸೀರೆ ಎತ್ತಿ ಕಟ್ಟಿ, ಕೆನ್ನೆ ಹೊಟ್ಟಿಗೆ ಇಟ್ಟು ಮಲಗಿದ್ದಳು. ಅತ್ತೆ ಪಕ್ಕದಲ್ಲಿ ಕೂತು, "ಹೆಂಗೈತೆ ಹೇಳೇ" ಅಂತ ಸೊಸೆಯ ಬೆನ್ನು ತಟ್ಟುತ್ತಿದ್ದರು.

ಆಮೇಲೆ ನಾನು ಹೋದದ್ದು ತಿಂಗಳಾದ ಮೇಲೆ. ಮರಿಗಳಿಗೆ ಪುಕ್ಕ ಬಂದಿತ್ತು, ಬಿಸಿಯ ಹಂಗು ತೀರಿತ್ತು. ಟ್ರ್ಯಾಕ್ಟರ್ ಬೇವಿನ ಮರದ ಕೆಳಗೇ ಇತ್ತು. ಶೆಡ್ಡಿನ ಮುಂದೆ ಪಕ್ಕದ ಊರಿನ ಇಬ್ಬರು ನಿಂತಿದ್ದರು, ಹಕ್ಕಿ ಸಾಕಬೇಕು ಅಂತ ನೋಡಲು ಬಂದವರು. ಅವರಿಗೆ ಭಾವ ಹಗ್ಗ ಹಿಡಿದು ಪರದೆ ಇಳಿಸಿ ಏರಿಸಿ ತೋರಿಸುತ್ತಿದ್ದ.

"ಎಲ್ಲಾರೂ ಮೇಲಿಂದ ಕೆಳಕ್ಕೆ ಬಿಡ್ತಾರೆ. ನಾನು ಯೋಚ್ನೆ ಮಾಡಿದೆ, ಯಾಕೆ ಉಲ್ಟಾ ಮಾಡ್ಬಾರ್ದು ಅಂತ. ತರಬೇತಿನಾಗೆ ಇದನ್ನೆಲ್ಲಾ ಹೇಳಲ್ಲ, ತಲೆ ಓಡಿಸ್ಬೇಕು."

ನನ್ನನ್ನು ಕಂಡು ಒಂದು ಗಳಿಗೆ ನಿಂತ. ಆಮೇಲೆ ನಿಲ್ಲಲಿಲ್ಲ. "ಬಾರೋ. ಇವ್ನು ನಮ್ಮ ಬಾಮೈದ. ತ್ಯಾವಣಿಗೆ ಕಡೆ ಇವನ್ದೂ ಒಂದು ಶೆಡ್ಡೈತೆ. ಇವನಿಗೂ ಹೇಳ್ಕೊಟ್ಟೀನಿ."

ಬಾಯಿಗೆ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅವನ ಬಿಳಿ ಅಂಗಿಯ ಕಾಲರು ನನ್ನ ಕೈಗೆ ಎಟುಕುವಷ್ಟು ಹತ್ತಿರ ಇತ್ತು. ಹಿಂದೆ ಬಾಗಿಲಲ್ಲಿ ಅಕ್ಕ ಮರಿಗಳ ಮೇವಿನ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಬೇಡ ಅಂತ ತಲೆ ಆಡಿಸಿದಳು, ಕಂಡೂ ಕಾಣದಷ್ಟು. ನನಗೆ ಅರ್ಥವಾಯಿತು. ಪರದೆ ತನ್ನದು ಅಂತ ನಾಲ್ಕು ಊರಿಗೆ ಹೇಳಿಕೊಂಡ ಮೇಲೆ ಆ ಮನುಷ್ಯ ಆ ಶೆಡ್ಡಿನೊಳಗೆ ಟ್ರ್ಯಾಕ್ಟರ್ ನಿಲ್ಲಿಸುವ ಹಾಗಿಲ್ಲ. ಹೆಂಡತಿಯ ದುಡಿಮೆಗೆ ಬಿಟ್ಟುಕೊಡದ ಜಾಗವನ್ನು ತನ್ನ ಜಂಬಕ್ಕೆ ಬಿಟ್ಟುಕೊಟ್ಟಿದ್ದ. ಅಕ್ಕನಿಗೆ ಜಾಗ ಬೇಕಿತ್ತು, ಯಾವ ದಾರಿಯಿಂದ ಬಂದರೂ ಸೈ.

ಹನ್ನೊಂದು ವರ್ಷ ಗಿರಣಿಯಲ್ಲಿ ಮೂಟೆ ಹೊತ್ತಿದ್ದೇನೆ. ಯಾವ ಮೂಟೆಯೂ ಆ ಒಂದು ಮಾತು ನುಂಗಿದಷ್ಟು ಭಾರ ಇರಲಿಲ್ಲ.

"ಹೌದ್ರೀ ಭಾವ" ಅಂದೆ.

ನೋಡಲು ಬಂದವರಲ್ಲಿ ಒಬ್ಬ, ವಯಸ್ಸಾದವನು, ಗುಂಡಿ ಬಿಚ್ಚಿದ ಅಂಗಿಯೊಳಗಿನ ನನ್ನ ಬನಿಯನ್ನಿನ ಕಂದು ಕಲೆ ನೋಡುತ್ತಾ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಮೊದಲ್ನೇ ವಾರ ಎಷ್ಟು ಬಿಸಿ ಇಡ್ಬೇಕ್ರೀ?"

"ಅವರನ್ನ ಕೇಳ್ರಿ" ಅಂತ ಭಾವನ ಕಡೆ ಕೈ ತೋರಿಸಿ, ಅಕ್ಕನ ಕೈಯಿಂದ ತಟ್ಟೆ ತಗೊಂಡು ಒಳಗೆ ಹೋದೆ.